ಹಿಡಿ ಲೆಕ್ಕ ಬಿಡಿ, ಇರುವೆ ಲೆಕ್ಕ ಹಿಡಿಯಿರಿ: ಹೂಜಿ ಗಿಡದ ಎಳೆಸಸಿಗೆ ಗೊಬ್ಬರ ಕೊಡುವ ಬಗೆ

ಕಾಫಿ ಸೀಮೆಯಲ್ಲಿ ಗೊಬ್ಬರಕ್ಕೆ ಅಳತೆ ಅಂದರೆ ಹಿಡಿ. ಗಿಡಕ್ಕೊಂದು ಹಿಡಿ, ಬುಡ ಬಿಟ್ಟು ಸುತ್ತ ಚೆಲ್ಲು, ಮುಂದಿನ ಗಿಡಕ್ಕೆ ನಡೆ. ಮೂಡಿಗೆರೆ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನನ್ನ ಕೈಗೂ ಅದೇ ಅಭ್ಯಾಸವಾಗಿತ್ತು. ಹೂಜಿ ಗಿಡದ ನಲವತ್ತು ಸಸಿ ಮೊದಲ ಸಲ ನನ್ನ ಕೈಗೆ ಬಂದಾಗ ಹಿಡಿ ಹಾಕುವಷ್ಟು ಪೆದ್ದಿ ನಾನಾಗಿರಲಿಲ್ಲ. ಬುದ್ಧಿವಂತೆಯಂತೆ ಚಿಟಿಕೆ ಹಾಕಿದೆ. ತೋಟಕ್ಕೆ ತಂದಿಟ್ಟಿದ್ದ 17:17:17 ಚೀಲದಿಂದ, ಅಂದರೆ ಸಾರಜನಕ, ರಂಜಕ, ಪೊಟ್ಯಾಶ್ ತಲಾ ನೂರಕ್ಕೆ ಹದಿನೇಳು ಪಾಲು ಇರುವ ಗೊಬ್ಬರದಿಂದ, ಸಸಿಯ ಒಂದೊಂದು ಕಪ್ಪಿಗೆ ಅರ್ಧ ಗ್ರಾಂ ಬಿದ್ದಿರಬಹುದು, ಅಷ್ಟೆ. ನಾಲ್ಕನೇ ದಿನ ಸಸಿ ನೆಟ್ಟಿದ್ದ ಪಾಚಿ ಹಳದಿಗೆ ತಿರುಗಿತು. ಒಂಬತ್ತನೇ ದಿನ ಎಲೆಗಳ ಅಂಚು ಬೆಂಕಿಗೆ ಹಿಡಿದ ಕಾಗದದಂತೆ ಕಪ್ಪಾಗಿತ್ತು. ತಿಂಗಳ ಕೊನೆಗೆ ಉಳಿದದ್ದು ಮೂರು ಸಸಿ.

ಆ ಮೂರರಲ್ಲಿ ಎರಡು ಈಗ ಜಗಲಿಯ ತೊಲೆಯಿಂದ ತೂಗುತ್ತಿವೆ, ಒಂದೊಂದು ಹೂಜಿಯೂ ಅಂಗೈ ಉದ್ದ. ಅವನ್ನು ಬೆಳೆಸುತ್ತಾ, ಆಮೇಲೆ ತಂದ ಸಸಿಗಳ ಮೇಲೆ ಪ್ರಯೋಗ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಹೇಳುವುದು ನೆಪೆಂಥಿಸ್ ಜಾತಿಯ, ಅಂದರೆ ಎಲೆಯ ತುದಿಯಲ್ಲಿ ಹುಳ ಹಿಡಿಯುವ ಹೂಜಿ ನೇತಾಡುವ ಗಿಡದ ಸಸಿಗಳ ಬಗ್ಗೆ. ಅಮೆರಿಕದ ಕಡೆಯ, ನೆಲದಿಂದ ಕೊಳವೆಯಂತೆ ನೇರ ಏಳುವ ಸರಸೇನಿಯಾ ಬೇರೆ ಗಿಡ. ಅದಕ್ಕೆ ಚಳಿಗಾಲದ ನಿದ್ದೆ ಬೇಕು, ನಮ್ಮ ಡಿಸೆಂಬರ್ ಚಳಿ ಅದಕ್ಕೆ ಏನೇನೂ ಸಾಲದು.

ಇರುವೆ ಲೆಕ್ಕ

ಹೂಜಿ ಗಿಡ ಹುಟ್ಟಿದ್ದೇ ಬಡ ನೆಲದಲ್ಲಿ. ಮಳೆ ತೊಳೆದು ತೊಳೆದು ಸಾರ ಬಿಟ್ಟ ಮಣ್ಣು, ಪಾಚಿ ಮುಚ್ಚಿದ ಬಂಡೆ, ಮರದ ಕವಲು. ಬೇರಿಗೆ ಸಿಗದ ಸಾರಜನಕವನ್ನು ಅದು ಹುಳದಿಂದ ಪಡೆಯುತ್ತದೆ. ಬೇರಿನ ಕೆಲಸ ಹೆಚ್ಚಾಗಿ ನೀರು ಹೀರುವುದು, ಗಿಡವನ್ನು ಹಿಡಿದಿಡುವುದು. ಕುಂಡ ಬದಲಿಸುವಾಗ ನೋಡಿ: ಬೇರು ಕಪ್ಪಗೆ, ಕೂದಲಿನಷ್ಟು ತೆಳ್ಳಗೆ, ಮುಟ್ಟಿದರೆ ಮುರಿಯುವಂತಿರುತ್ತದೆ. ಎಷ್ಟೋ ಜನ ಅದನ್ನು ಕೊಳೆತ ಬೇರು ಎಂದುಕೊಂಡು ಕತ್ತರಿಸಿಬಿಡುತ್ತಾರೆ. ಅದು ಕೊಳೆತದ್ದಲ್ಲ, ಅದರ ಬಣ್ಣವೇ ಅದು. ಇಂಥ ಬೇರಿನ ಸುತ್ತ ಉಪ್ಪು ಹೆಚ್ಚಾದರೆ ಅದು ನೀರು ಹೀರಲಾರದು. ಉಪ್ಪು ಇನ್ನೂ ಹೆಚ್ಚಾದರೆ ಬೇರಿನೊಳಗಿನ ನೀರೇ ಹೊರಗೆ ಬರುತ್ತದೆ. ಉಪ್ಪಿನಕಾಯಿಗೆ ಹೆಚ್ಚಿಟ್ಟ ಮಾವಿನಕಾಯಿ ಉಪ್ಪು ಬಿದ್ದೊಡನೆ ನೀರು ಬಿಡುವುದಿಲ್ಲವೇ, ಹಾಗೆ.

ಇನ್ನು ಲೆಕ್ಕ. ಒಣಗಿದ ಕೀಟದ ತೂಕದಲ್ಲಿ ಸುಮಾರು ನೂರಕ್ಕೆ ಹತ್ತು ಪಾಲು ಸಾರಜನಕ. ಒಣ ತೂಕ 1 ಮಿಲಿಗ್ರಾಂ ಇರುವ ಒಂದು ಇರುವೆ ಬಿದ್ದರೆ ಗಿಡಕ್ಕೆ ಸಿಗುವುದು ಹೆಚ್ಚೆಂದರೆ 0.1 ಮಿಲಿಗ್ರಾಂ. ನಾನು ಹಾಕಿದ ಅರ್ಧ ಗ್ರಾಂ 17:17:17ರಲ್ಲಿ ಇದ್ದದ್ದು 85 ಮಿಲಿಗ್ರಾಂ. ಅಂದರೆ ಬೆರಳ ಉಗುರಿನಷ್ಟಗಲದ ಒಂದೊಂದು ಸಸಿಯ ಬುಡಕ್ಕೆ ಎಂಟುನೂರೈವತ್ತು ಇರುವೆ ಸುರಿದಿದ್ದೆ. ಅದೂ ಬಾಯಿಗಲ್ಲ, ಬೇರಿಗೆ. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ನೋಡಿದ ದಿನದಿಂದ ಯಾವ ಗೊಬ್ಬರ ಕೈಗೆತ್ತಿಕೊಂಡರೂ ಮೊದಲು ಕೇಳಿಕೊಳ್ಳುವುದು ಒಂದೇ: ಇದು ಎಷ್ಟು ಇರುವೆ?

ಹಾಗಾದರೆ ಗೊಬ್ಬರವೇ ಬೇಡವೇ? ಕೊಡದಿದ್ದರೂ ಸಸಿ ಸಾಯುವುದಿಲ್ಲ. ಆದರೆ ಸೊಳ್ಳೆಪರದೆ ಹಾಕಿದ ಗೂಡಿನಲ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಕುವ ಸಸಿಗೆ ಹುಳ ಎಲ್ಲಿಂದ ಬರಬೇಕು? ಅದು ಎರಡು ವರ್ಷವಾದರೂ ಎಂಟಾಣೆ ಅಗಲದಲ್ಲೇ ಕೂತಿರುತ್ತದೆ. ತಿಂದ ಕೀಟಾಹಾರಿ ಗಿಡ ಉಪವಾಸ ಇದ್ದ ಗಿಡಕ್ಕಿಂತ ಚೆನ್ನಾಗಿ ಬೆಳೆಯುತ್ತದೆ ಎಂಬುದು ಹಳೆಯ ಸಂಗತಿ. ಚಾರ್ಲ್ಸ್ ಡಾರ್ವಿನ್ನರ ಮಗ ಫ್ರಾನ್ಸಿಸ್ ಡಾರ್ವಿನ್ 1878ರಲ್ಲೇ ಡ್ರೊಸೆರಾ ಎಂಬ ಕೀಟಾಹಾರಿ ಗಿಡಗಳಿಗೆ ಮಾಂಸದ ಚೂರು ಕೊಟ್ಟು, ಕೊಡದ ಗಿಡಗಳ ಜೊತೆ ಹೋಲಿಸಿ ತೋರಿಸಿದ್ದರು. ಬೋರ್ನಿಯೊ ದ್ವೀಪದ ಕೆಲವು ಹೂಜಿ ಗಿಡಗಳಂತೂ ಹುಳ ಹಿಡಿಯುವ ಗೋಜಿಗೆ ಹೆಚ್ಚು ಹೋಗುವುದೇ ಇಲ್ಲ. ಒಂದು ಜಾತಿಯ ಹೂಜಿಯ ಮೇಲೆ ಮರದ ಮೂಗಿಲಿ ಕೂತು ಮುಚ್ಚಳದ ಸಿಹಿ ನೆಕ್ಕುತ್ತಾ ಒಳಗೆ ಹಿಕ್ಕೆ ಹಾಕುತ್ತದೆ, ಇನ್ನೊಂದರಲ್ಲಿ ಬಾವಲಿ ಮಲಗಿ ಅದೇ ಕೆಲಸ ಮಾಡುತ್ತದೆ. ಹೂಜಿಯ ಬಾಯಿಗೆ ಗೊಬ್ಬರ ಬೀಳುವುದು ಗಿಡಕ್ಕೆ ಹೊಸತೇನಲ್ಲ.

ಸಸಿ ಎಲ್ಲಿಂದ?

ಭಾರತದ ಕಾಡಿನಲ್ಲಿ ಬೆಳೆಯುವ ನೆಪೆಂಥಿಸ್ ಒಂದೇ, ಮೇಘಾಲಯದ ನೆಪೆಂಥಿಸ್ ಖಾಸಿಯಾನ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪಟ್ಟಿಯಲ್ಲಿದೆ. ಕಾಡಿನಿಂದ ಕೀಳುವುದೂ, ಪರವಾನಗಿ ಇಲ್ಲದೆ ಬೆಳೆಸುವುದೂ ಕಾನೂನಿಗೆ ವಿರುದ್ಧ. "ಗುಡ್ಡದಿಂದ ತಂದದ್ದು" ಎಂದು ಯಾರಾದರೂ ಮಾರಲು ಬಂದರೆ ಬಾಗಿಲಲ್ಲೇ ಕಳಿಸಿ. ನರ್ಸರಿಯಲ್ಲಿ ಸಿಗುವ ಮಿಶ್ರತಳಿಗಳು, ಅದರಲ್ಲೂ ಫಿಲಿಪೀನ್ಸ್ ಬೆಟ್ಟಗಳ ವೆಂಟ್ರಿಕೋಸ ಬೆರೆತವು, ನಮ್ಮ 1000 ಮೀಟರ್ ಎತ್ತರದ ಹವೆಗೆ ಚೆನ್ನಾಗಿ ಒಗ್ಗುತ್ತವೆ. ಈ ಗಿಡದಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಎರಡೂ ಒಟ್ಟಿಗೆ ಹೂ ಬಿಟ್ಟರೆ ಮಾತ್ರ ಬೀಜ, ಅದೂ ದಾರದ ಚೂರಿನಂಥ ಬೀಜ. ಹಾಗಾಗಿ ಬೀಜದಿಂದ ಎದ್ದ ಒಂದೊಂದು ಸಸಿಯೂ ಯಾರದೋ ವರ್ಷಗಟ್ಟಲೆ ತಾಳ್ಮೆಯ ಫಲ.

ಗೊಬ್ಬರಕ್ಕೆ ಮೊದಲು ನೀರು, ಪಾಚಿ, ಬೆಳಕು

ಈ ಮೂರು ಸರಿಯಿಲ್ಲದ ಸಸಿಗೆ ಗೊಬ್ಬರ ಕೊಡುವುದೆಂದರೆ ಜ್ವರ ಬಂದವನಿಗೆ ಹೋಳಿಗೆ ಬಡಿಸಿದಂತೆ.

ನೀರಿನ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು, ಆಕಾಶದಿಂದಲೇ ಸುರಿಯುತ್ತದೆ. ಮೊದಲ ಎರಡು ಮೂರು ಮಳೆ ಹಂಚು ತೊಳೆದು ಹೋಗಲಿ, ಆಮೇಲಿನದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಡಿ. ಸಿಮೆಂಟ್ ಶೀಟಿನಿಂದ ಇಳಿದ ನೀರು ಬೇಡ, ಸುಣ್ಣದ ಅಂಶ ಬರುತ್ತದೆ. ತಾಮ್ರದ ಹಂಡೆಯಲ್ಲೂ ತುಂಬಿಡಬೇಡಿ. ಟಿಡಿಎಸ್ ಮೀಟರ್ ಒಂದನ್ನು ಖಂಡಿತ ಕೊಳ್ಳಿ, ನೀರಿನಲ್ಲಿ ಕರಗಿದ ಉಪ್ಪು ಎಷ್ಟೆಂದು ತೋರಿಸುವ ಪೆನ್ನಿನಷ್ಟು ಉದ್ದದ ಸಾಧನ, ಬೆಲೆ ಹೆಚ್ಚೇನಿಲ್ಲ. ನನ್ನ ಡ್ರಮ್ಮಿನ ಮಳೆನೀರು 8 ತೋರಿಸುತ್ತದೆ, ಅದೇ ಮನೆಯ ಬೋರ್ ನೀರು 340. ಹಾಸನದ ಬಯಲುಸೀಮೆ ಕಡೆಯವರು, ಅರಸೀಕೆರೆ ಚನ್ನರಾಯಪಟ್ಟಣದವರು, ಆರ್‌ಒ ನೀರು ಬಳಸುವುದೇ ಕ್ಷೇಮ.

ಕೋಕೋಪೀಟಿನ ಬಗ್ಗೆ ಒಂದು ಎಚ್ಚರಿಕೆ. ತೆಂಗಿನ ಸೀಮೆ ನಮಗೆ ಹತ್ತಿರ, ಇಟ್ಟಿಗೆಯಂಥ ಕೋಕೋಪೀಟ್ ಎಲ್ಲೆಡೆ ಸಿಗುತ್ತದೆ. ಆದರೆ ತೊಳೆಯದ ಕೋಕೋಪೀಟಿನಲ್ಲಿ ಪೊಟ್ಯಾಶ್, ಸೋಡಿಯಂ ತುಂಬಿರುತ್ತವೆ. ನೆನೆಸಿ, ಹಿಂಡಿ, ನೀರು ಚೆಲ್ಲಿ, ಹೀಗೆ ನಾಲ್ಕೈದು ಸಲ ಮಾಡಿ. ಹಿಂಡಿದ ನೀರು ಮೀಟರಿನಲ್ಲಿ 50ಕ್ಕೆ ಇಳಿಯುವವರೆಗೆ ಬಿಡಬೇಡಿ. ಎಳೆಸಸಿಗೆ ನಾನಂತೂ ಸ್ಫ್ಯಾಗ್ನಂ ಪಾಚಿ ಮತ್ತು ಪರ್ಲೈಟ್ ಎಂಬ ಹಗುರ ಬಿಳಿ ಹರಳು ಬಿಟ್ಟು ಬೇರೇನೂ ಬಳಸುವುದಿಲ್ಲ. ಜೀವಂತ ಪಾಚಿ ಇನ್ನೂ ಒಳ್ಳೆಯದು. ಉಪ್ಪು ಹೆಚ್ಚಾದರೆ ಸಸಿಗಿಂತ ಮೊದಲು ಅದು ಬಣ್ಣಗೆಡುತ್ತದೆ, ನಮಗೆ ಎಚ್ಚರಿಸುತ್ತದೆ.

ಬೆಳಕು ಕಡಿಮೆ ಇದ್ದರೆ ಗೊಬ್ಬರ ಎಲೆಗೆ ಹೋಗುವುದಿಲ್ಲ, ಕುಂಡದ ಮೇಲೆ ಲೋಳೆಯಂತೆ ಕಟ್ಟುವ ಹಸಿರು ಪಾಚಿಗೆ ಹೋಗುತ್ತದೆ. ಸಿಲ್ವರ್ ಓಕ್ ನೆರಳಿನಡಿ ಸಸಿಗಳ ತಟ್ಟೆ ಇಟ್ಟರೆ ಸಸಿ ಬದುಕುತ್ತದೆ, ಬೆಳೆಯುವುದಿಲ್ಲ. ಅರ್ಧ ಬಿಸಿಲು ತಡೆಯುವ ಶೇಡ್ ನೆಟ್ ಕೆಳಗೆ, ಬೆಳಗಿನ ಬೆಳಕು ಬೀಳುವ ಕಡೆ ಇಡಿ.

ಸಸಿ ಸಿದ್ಧವಾಗಿದೆಯೇ?

ಭೂತಗನ್ನಡಿ ತೆಗೆದುಕೊಂಡು ಕೂರಿ. ಮೊಳೆತು ಬಂದ ಮೊದಲೆರಡು ಉದ್ದ ಎಲೆ ಬೀಜದೆಲೆ. ಅಷ್ಟೇ ಇದ್ದರೆ ಏನೂ ಕೊಡಬೇಡಿ, ಬೀಜದ ಬುತ್ತಿಯಲ್ಲೇ ಅದು ಬದುಕುತ್ತಿದೆ. ಆಮೇಲೆ ಬರುವ ಎಲೆಯಿಂದಲೇ ಹೂಜಿ ಶುರು. ಗುಂಡುಸೂಜಿಯ ತಲೆಯಷ್ಟಿರುತ್ತದೆ, ಆದರೂ ಬಾಯಿ, ಮುಚ್ಚಳ, ಮುಂದೆ ಎರಡು ಸಾಲು ಮುಳ್ಳುಗೂದಲು, ಎಲ್ಲವೂ ಸರಿಯಾಗಿ ಇರುತ್ತವೆ. ನೋಡುತ್ತಾ ಕೂತರೆ ಒಲೆಯ ಮೇಲಿನ ಹಾಲು ಮರೆತೇ ಹೋಗುತ್ತದೆ. ಮುಚ್ಚಳ ತೆರೆಯುವ ಮುಂಚೆಯೇ ಗಿಡ ಒಳಗೆ ಜೀರ್ಣರಸ ತುಂಬಿಟ್ಟಿರುತ್ತದೆ. ಮುಚ್ಚಿದ ಹೂಜಿಯನ್ನು ಕುತೂಹಲಕ್ಕೆ ಬಿಡಿಸಬೇಡಿ.

ಇಂಥ ಎಲೆ ಮೂರು ನಾಲ್ಕು ಬಂದು, ಕೊನೆಯ ಎಲೆ ಹಿಂದಿನದಕ್ಕಿಂತ ದೊಡ್ಡದಾಗಿದ್ದರೆ ಸಸಿ ಸಿದ್ಧ. ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗುತ್ತಿದ್ದರೆ ಏನೋ ತೊಂದರೆ ಇದೆ, ಮೊದಲು ಅದನ್ನು ಹುಡುಕಿ. ಕೊರಿಯರಿನಲ್ಲಿ ಬಂದ ಸಸಿಗೂ, ಕುಂಡ ಬದಲಿಸಿದ ಸಸಿಗೂ ಕನಿಷ್ಠ ಆರು ವಾರ ಬರೀ ಮಳೆನೀರು.

ದ್ರಾವಣ ಮಾಡುವುದು

ಬೇಕಾದ್ದು ಇಷ್ಟು: ನೀರಿನಲ್ಲಿ ಪೂರ್ತಿ ಕರಗುವ 19:19:19, ಮಳೆನೀರು, ಅರ್ಧ ಲೀಟರಿನ ಬಾಟಲಿ, ಗ್ರಾಂ ತೂಗುವ ಪುಟ್ಟ ತಕ್ಕಡಿ, ಕೆಮ್ಮಿನ ಔಷಧದ ಜೊತೆ ಬರುವ 10 ಮಿಲಿ ಗುರುತಿನ ಕಪ್ಪು. ಆ ಕಪ್ಪನ್ನು ಮತ್ತೆ ಔಷಧಕ್ಕೆ ಬಳಸಬೇಡಿ. ಅದರ ಮೇಲೆ ಮಾರ್ಕರಿನಿಂದ ದೊಡ್ಡದಾಗಿ ಒಂದು ಕಾಟು ಹಾಕಿಡಿ. ತೋಟಕ್ಕೆ ತರುವ 17:17:17 ಬೇಡ, ಅದು ನೀರಲ್ಲಿ ಪೂರ್ತಿ ಕರಗುವುದಿಲ್ಲ, ತಳದಲ್ಲಿ ಉಳಿದದ್ದು ಪಾಚಿಯ ಮೇಲೆ ಕೂರುತ್ತದೆ.

5 ಗ್ರಾಂ ಪುಡಿ ತೂಗಿ ಅರ್ಧ ಲೀಟರ್ ಮಳೆನೀರಿಗೆ ಹಾಕಿ ಅಲ್ಲಾಡಿಸಿ. ಇದು ಮೂಲ ದ್ರಾವಣ. ಇದನ್ನು ಹಾಗೇ ಗಿಡಕ್ಕೆ ತೋರಿಸಬೇಡಿ, ಅಡುಗೆಮನೆಯಲ್ಲೂ ಇಡಬೇಡಿ. ಮೇಲೆ "ಗೊಬ್ಬರದ ನೀರು, ಕುಡಿಯಬಾರದು" ಎಂದು ಬರೆದ ಚೀಟಿ ಅಂಟಿಸಿ. ಕತ್ತಲಲ್ಲಿಡಿ, ತಿಂಗಳಾದರೆ ತೆಂಗಿನ ಬುಡಕ್ಕೆ ಚೆಲ್ಲಿ ಹೊಸತು ಮಾಡಿ.

ಎಲೆಗೆ ಸಿಂಪಡಿಸಲು: ಮೂಲ ದ್ರಾವಣ ಒಂದು ಕಪ್ಪು, ಅಂದರೆ 10 ಮಿಲಿ, ಅದಕ್ಕೆ ಮಳೆನೀರು ಸೇರಿಸಿ ಒಟ್ಟು 1 ಲೀಟರ್. ಲೀಟರಿಗೆ 0.1 ಗ್ರಾಂ ಗೊಬ್ಬರ ಬಂತು. ಇದರಲ್ಲಿ ಸಾರಜನಕ 19 ಪಿಪಿಎಂ, ಅಂದರೆ ಲೀಟರಿಗೆ 19 ಮಿಲಿಗ್ರಾಂ. ನಲವತ್ತು ಸಸಿಯ ತಟ್ಟೆಗೆ 100 ಮಿಲಿ ಸಿಂಪಡಿಸಿದರೆ ಒಟ್ಟು 1.9 ಮಿಲಿಗ್ರಾಂ ಸಾರಜನಕ, ಹತ್ತೊಂಬತ್ತು ಇರುವೆ. ಸಸಿಗೆ ಅರ್ಧ ಇರುವೆ. ಸರಿಯಾಗಿದೆ.

ಹೂಜಿಯ ಬಾಯಿಗೆ ಹಾಕಲು: ಮೂಲ ದ್ರಾವಣ 10 ಮಿಲಿಗೆ ನೀರು ಸೇರಿಸಿ ಒಟ್ಟು 200 ಮಿಲಿ. ಇದು ಮೊದಲಿನದಕ್ಕಿಂತ ಐದು ಪಟ್ಟು ಗಟ್ಟಿ. ಎರಡು ಬಾಟಲಿ ಅದಲುಬದಲಾಗದಂತೆ ಈ ಗಟ್ಟಿಯದಕ್ಕೆ ಕೆಂಪು ದಾರ ಕಟ್ಟಿಡಿ. ನಾನು ಕಟ್ಟಿದ್ದೇನೆ, ಯಾಕೆಂದರೆ ಒಮ್ಮೆ ಅದಲುಬದಲಾಗಿತ್ತು.

ಮೀಟರನ್ನು ಕಣ್ಣುಮುಚ್ಚಿ ನಂಬುವವರಿಗೆ ಒಂದು ಮಾತು. ಸಿಂಪಡಿಸುವ ದ್ರಾವಣದಲ್ಲಿ ಮೀಟರ್ ಅದ್ದಿದರೆ ಮಳೆನೀರಿಗಿಂತ 50ರ ಆಸುಪಾಸು ಹೆಚ್ಚು ತೋರಿಸುತ್ತದೆ, "ಇಷ್ಟೇನಾ" ಅನಿಸುತ್ತದೆ. 19:19:19ರ ಸಾರಜನಕದಲ್ಲಿ ಅರ್ಧಕ್ಕೂ ಹೆಚ್ಚು ಯೂರಿಯಾ ರೂಪದಲ್ಲಿರುತ್ತದೆ. ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು, ಯೂರಿಯಾ ವಿದ್ಯುತ್ ಹರಿಸುವುದಿಲ್ಲ, ಹಾಗಾಗಿ ಅದು ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಮೀಟರ್ ಕಡಿಮೆ ತೋರಿಸಿತೆಂದು ಇನ್ನೊಂದು ಕಪ್ಪು ಸುರಿಯಬೇಡಿ. ಇಲ್ಲಿ ತಕ್ಕಡಿಯೇ ಪ್ರಮಾಣ.

ಮೂರು ಸಸಿ ಮೊದಲು

ಇಡೀ ತಟ್ಟೆಗೆ ಒಂದೇ ದಿನ ಕೊಡಬೇಡಿ. ಮೂಲೆಯ ಮೂರು ಸಸಿ ಆರಿಸಿ ಪಕ್ಕದಲ್ಲಿ ಐಸ್‌ಕ್ರೀಂ ಕಡ್ಡಿ ಚುಚ್ಚಿ. ಆ ಮೂರಕ್ಕೆ ಮಾತ್ರ ಸಿಂಪಡಿಸಿ, ಮೂರು ವಾರ ಕಾಯಿರಿ. ಹೂಜಿ ಗಿಡದ್ದು ಎಲ್ಲವೂ ನಿಧಾನ, ಇವತ್ತಿನ ತಪ್ಪು ಎರಡು ವಾರದ ಮೇಲೆ ಕಾಣುತ್ತದೆ. ಮೂರೂ ಚೆನ್ನಾಗಿದ್ದರೆ ಉಳಿದವಕ್ಕೆ ಹೋಗಿ. ಆಗಲೂ ಐದಾರು ಸಸಿಗೆ ಏನೂ ಕೊಡದೆ ಬಿಡಿ. ಇಲ್ಲದಿದ್ದರೆ ಬೆಳೆದದ್ದು ಗೊಬ್ಬರದಿಂದಲೋ ಬೆಳಕಿನಿಂದಲೋ ಎಂದು ಹೇಳುವುದು ಹೇಗೆ?

ಸಿಂಪಡಿಸಲು ಬೆಳಿಗ್ಗೆ ಎಂಟರಿಂದ ಹತ್ತು ಒಳ್ಳೆಯ ಹೊತ್ತು, ಬಿಸಿಲು ನೇರ ಬೀಳುವ ಮುಂಚೆ. ಮಂಜಿನಂತೆ ಸಣ್ಣ ಹನಿ ಬೀಳುವ ಬಾಟಲಿ ಬೇಕು. ಎಲೆಯ ಮೇಲೆ ಒಂದು ಸಲ, ತಟ್ಟೆಯನ್ನು ಓರೆ ಮಾಡಿ ಎಲೆಯಡಿಗೆ ಒಂದು ಸಲ. ಎಲೆ ಒದ್ದೆಯಾದರೆ ಸಾಕು, ಪಾಚಿ ನೆನೆಯಬಾರದು. ಮರುದಿನ ಬೆಳಿಗ್ಗೆ ಬರೀ ಮಳೆನೀರಿನಿಂದ ತೊಳೆದು, ತಳದ ತೂತಿನಿಂದ ನೀರು ಹರಿದು ಹೋಗಲು ಬಿಡಿ. ಈ ತೊಳೆಯುವ ಕೆಲಸವನ್ನೇ ಜನ ಬಿಡುವುದು, ಸಸಿ ಸುಡುವುದೂ ಅದರಿಂದಲೇ. ಮೂರು ನಾಲ್ಕು ವಾರಕ್ಕೊಮ್ಮೆ ಸಾಕು.

ಬಾಯಿಗೆ ತುತ್ತು

ಹೂಜಿ 1 ಸೆಂಟಿಮೀಟರ್ ಆದಾಗಿನಿಂದ ನಿಜವಾದ ಊಟ ಶುರು. ನಾನು ಇದಕ್ಕೆ ಸೂಜಿ ತೆಗೆದ ಇನ್ಸುಲಿನ್ ಸಿರಿಂಜ್ ಬಳಸುತ್ತೇನೆ, ಹನಿಯ ಮೇಲೆ ಹಿಡಿತ ಸಿಗುತ್ತದೆ. ಮೊದಲ ಸಲ ಇದನ್ನು ನೋಡಿ ಮಾವ ಜಗಲಿಯಲ್ಲೇ ನಿಂತುಬಿಟ್ಟರು.

"ಏನಮ್ಮ ಇದು, ಗೊಬ್ಬರ ಹಾಕ್ತಿದೀಯೋ, ಇಂಜೆಕ್ಷನ್ ಕೊಡ್ತಿದೀಯೋ?"

"ಊಟ ಹಾಕ್ತಿದೀನಿ ಮಾವ. ಎರಡೇ ಹನಿ."

"ಎರಡು ಹನೀಲಿ ಏನು ಬೆಳೆಯುತ್ತೆ! ನಮ್ಮ ಕಾಫಿಗೆ ಹೀಗೆ ಹಾಕಿದ್ರೆ ಒಂದು ಗಿಡ ಮುಗಿಸೋ ಹೊತ್ತಿಗೆ ಯುಗಾದಿ ಬರುತ್ತೆ."

ಅವರು ಹೇಳಿದ್ದು ಕಾಫಿಗೆ ಸರಿ. ಇಲ್ಲಿ ಕೆಂಪು ದಾರದ ಬಾಟಲಿಯಿಂದ ಎರಡು ಹನಿ, ಸುಮಾರು 0.1 ಮಿಲಿ, ಹೊಸದಾಗಿ ಬಾಯಿ ತೆರೆದ ಒಂದು ಹೂಜಿಗೆ. ಲೆಕ್ಕ ಹಾಕಿದರೆ ಇರುವೆಯ ಹತ್ತನೇ ಒಂದು ಪಾಲು. ಎರಡು ವಾರಕ್ಕೊಮ್ಮೆ ಕೊಡಬಹುದು. ಎಲ್ಲ ಹೂಜಿಗೂ ಹಾಕಬೇಡಿ. ಒಂದರಲ್ಲಿ ಕರಗಿದ್ದು ಗಿಡದ ಎಲ್ಲ ಕಡೆಗೂ ಹೋಗುತ್ತದೆ. ಒಂದು ಹೂಜಿ ಕೆಟ್ಟರೂ ಉಳಿದವು ಇರಲಿ.

ಇದಕ್ಕಿಂತ ನನಗೆ ಇಷ್ಟವಾದದ್ದು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಒಣ ರಕ್ತಹುಳ. ಮೀನಿಗೆ ಹಾಕುವ, ಕೆಂಪು ದಾರದ ಚೂರಿನಂಥದ್ದು. ಒಂದು ಹುಳವನ್ನು ಉಗುರಿನಿಂದ ನಾಲ್ಕು ಮಾಡಿ, ಒಂದು ಚೂರನ್ನು ಮಳೆನೀರಿನಲ್ಲಿ ಒಂದು ನಿಮಿಷ ನೆನೆಸಿ, ಒದ್ದೆ ಹಲ್ಲುಕಡ್ಡಿಯ ತುದಿಗೆ ಅಂಟಿಸಿ ಹೂಜಿಯೊಳಗೆ ಇಳಿಬಿಡಿ. ಅಂಚಿಗೆ ಅಂಟಿ ಉಳಿದರೆ ಬೂಷ್ಟು ಬರುತ್ತದೆ, ಒಂದು ಹನಿ ನೀರು ಬಿಟ್ಟು ಒಳಗೆ ತಳ್ಳಿ. ಹೂಜಿಯಲ್ಲಿ ರಸ ಮೂರನೇ ಒಂದು ಪಾಲಾದರೂ ಇರಬೇಕು, ಒಣಗಿದ ಹೂಜಿಗೆ ಮೊದಲು ನೀರಿನ ಹನಿ, ಆಮೇಲೆ ತುತ್ತು. ಚೂರು ರಸದಲ್ಲಿ ಮುಳುಗಿದರೆ ಗಿಡ ಆ ರಸವನ್ನು ಇನ್ನಷ್ಟು ಹುಳಿ ಮಾಡುತ್ತದೆ, ಪ್ರೋಟೀನ್ ಕರಗಿಸುವ ಕಿಣ್ವ ಕೆಲಸ ಮಾಡುವುದು ಆ ಹುಳಿಯಲ್ಲೇ. ಹೆಚ್ಚು ಹಾಕಿದರೆ ಕಿಣ್ವಕ್ಕೆ ಮೊದಲು ಬ್ಯಾಕ್ಟೀರಿಯಾ ಗೆಲ್ಲುತ್ತದೆ, ಹೂಜಿಯೊಳಗೆ ಕೊಳೆತ ವಾಸನೆ ಬಂದು ಅದು ಕಂದು ಬಣ್ಣಕ್ಕೆ ಕುಸಿಯುತ್ತದೆ. ತಿಂಗಳಿಗೆ ಒಂದು ಸಲ, ಸಸಿಗೆ ಒಂದು ತುತ್ತು.

ಶೇಡ್ ನೆಟ್ ತೆರೆದಿದ್ದರೆ ಹೂಜಿಗಳು ಗುಂಗುರು, ಸಣ್ಣ ಇರುವೆಗಳನ್ನು ತಾವೇ ಹಿಡಿಯುತ್ತಿರುತ್ತವೆ. ಒಳಗೆ ಕಪ್ಪು ಚುಕ್ಕೆ ಕಂಡರೆ ಆ ತಿಂಗಳು ನಿಮಗೆ ರಜೆ.

ಕಾಳು ಗೊಬ್ಬರ

ರಾಳದ ಲೇಪನ ಇರುವ, ನಿಧಾನ ಬಿಡುವ ಸಾಸಿವೆಗಿಂತ ದಪ್ಪನೆಯ ಕಾಳು ಗೊಬ್ಬರ ಗೊತ್ತಿರಬಹುದು, ಆಸ್ಮೋಕೋಟ್ ಥರದ್ದು. ನಾನು 50 ಕಾಳು ತೂಗಿದೆ, ಸುಮಾರು 1 ಗ್ರಾಂ ಬಂತು. ಒಂದು ಕಾಳು 20 ಮಿಲಿಗ್ರಾಂ. 14:14:14 ಆದರೆ ಅದರಲ್ಲಿ 2.8 ಮಿಲಿಗ್ರಾಂ ಸಾರಜನಕ, ಇಪ್ಪತ್ತೆಂಟು ಇರುವೆ. ಮೂರು ನಾಲ್ಕು ತಿಂಗಳಿಗೆ ಹಂಚಿದರೆ ನಾಲ್ಕು ದಿನಕ್ಕೊಂದು ಇರುವೆ. ಅಂಗೈಯಗಲದ ಗಿಡಕ್ಕೆ ಇದು ಹಬ್ಬದೂಟ, ಎಳೆಸಸಿಗೆ ವಿಷ.

ಹಾಗಾಗಿ ಹೂಜಿ 3 ಸೆಂಟಿಮೀಟರ್ ದಾಟುವವರೆಗೆ ಕಾಳಿನ ಡಬ್ಬಿ ಮುಟ್ಟಬೇಡಿ. ದಾಟಿದ ಮೇಲೆ ಹೊಸ ಹೂಜಿ ಒಂದಕ್ಕೆ ಒಂದು ಕಾಳು, ಮೂರು ತಿಂಗಳಿಗೊಮ್ಮೆ. ಹೂಜಿಯೊಳಗೆ ಮಾತ್ರ. ಕುಂಡದೊಳಕ್ಕೆ ಬಿದ್ದರೆ ಚಿಮಟದಿಂದ ಹುಡುಕಿ ತೆಗೆಯಿರಿ. "ಸಣ್ಣ ಸಸಿಗೆ ಅರ್ಧ ಕಾಳು ಸಾಕಲ್ಲ" ಎಂದು ಒಡೆಯಲು ಹೋಗಬೇಡಿ. ಲೇಪನ ಒಡೆದರೆ ಮೂರು ತಿಂಗಳ ಗೊಬ್ಬರ ಒಂದು ಗಂಟೆಯಲ್ಲಿ ಹೊರಬರುತ್ತದೆ. ಕಾಳು ಬಿಡುವ ವೇಗ ಬಿಸಿಯನ್ನು ಅನುಸರಿಸುತ್ತದೆ ಎಂಬುದೂ ನೆನಪಿರಲಿ. ಏಪ್ರಿಲ್ ತಿಂಗಳಲ್ಲಿ ಪಾಲಿಥೀನ್ ಗೂಡಿನೊಳಗೆ ಅದು ಡಬ್ಬಿಯ ಮೇಲೆ ಬರೆದ ತಿಂಗಳಿಗಿಂತ ಬೇಗ ಖಾಲಿಯಾಗುತ್ತದೆ.

ನಮ್ಮ ಕಡೆಯ ಕಾಲ

ಹೊರದೇಶದ ಸಲಹೆಗಳಲ್ಲಿ "ಬೇಸಿಗೆಯಲ್ಲಿ ಕೊಡಿ, ಚಳಿಗಾಲದಲ್ಲಿ ನಿಲ್ಲಿಸಿ" ಎಂದಿರುತ್ತದೆ. ನಮ್ಮಲ್ಲಿ ಸಸಿ ಮಂಕಾಗುವುದು ಮಳೆಗಾಲದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೇ ಇಲ್ಲ, ಗಾಳಿಯೆಲ್ಲ ಒದ್ದೆ. ಆಗ ಕೊಟ್ಟ ಗೊಬ್ಬರ ಬೂಷ್ಟಿಗೂ ಹಸಿರು ಪಾಚಿಗೂ ಹೋಗುತ್ತದೆ, ರಕ್ತಹುಳದ ಚೂರು ಎರಡು ದಿನದಲ್ಲಿ ಬೂದು ಹತ್ತಿಯಂತಾಗುತ್ತದೆ. ಆ ಮೂರು ತಿಂಗಳು ಪೂರ್ತಿ ನಿಲ್ಲಿಸಿ. ತಟ್ಟೆಗೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರಲಿ, ಜಡಿಮಳೆ ಹೂಜಿಯ ರಸವನ್ನೆಲ್ಲ ತೊಳೆದು ಖಾಲಿ ಮಾಡುತ್ತದೆ. ಸೆಪ್ಟೆಂಬರ್ ಕೊನೆಗೆ ಬಿಸಿಲು ಇಣುಕಿದ ಮೇಲೆ ಶುರು ಮಾಡಿ ನವೆಂಬರ್‌ವರೆಗೆ ಕೊಡಿ. ಕಾಫಿ ಕುಯ್ಲಿನ ಚಳಿಯಲ್ಲಿ ಅರ್ಧಕ್ಕೆ ಇಳಿಸಿ. ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದ ಮೇಲೆ, ಅಂದರೆ ಫೆಬ್ರವರಿ ಮಾರ್ಚ್‌ನಿಂದ ಮೇ ನಡುವಿನವರೆಗೆ, ಸಸಿ ಕಣ್ಣೆದುರೇ ಬೆಳೆಯುತ್ತದೆ.

ಮೇ ಜೂನ್‌ನಲ್ಲಿ ಇನ್ನೊಂದು ಅಪಾಯ ಇದೆ, ಅದು ತೋಟದವರಿಗೆ ಮಾತ್ರ. ಬೋರ್ಡೋ ಸಿಂಪಡಣೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತಾಮ್ರ ಸ್ಫ್ಯಾಗ್ನಂ ಪಾಚಿಯನ್ನು ಕೊಲ್ಲುತ್ತದೆ, ಸುಣ್ಣ ಹುಳಿ ನೆಲವನ್ನು ಕೆಡಿಸುತ್ತದೆ, ಹೂಜಿ ಸಸಿಗೆ ಎರಡೂ ಆಗದು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವಾಗ ಗಾಳಿ ಮನೆ ಕಡೆ ಬೀಸಿದರೆ ಹನಿ ಜಗಲಿಗೂ ಬರುತ್ತದೆ. ಆ ದಿನ ತಟ್ಟೆ ಒಳಗೆ ತನ್ನಿ. ಬೋರ್ಡೋ ಕಲಸಿದ ಬಕೆಟ್, ಹೊಡೆದ ಸ್ಪ್ರೇಯರ್ ಎಷ್ಟು ತೊಳೆದರೂ ಈ ಗಿಡಗಳ ಹತ್ತಿರ ತರಬೇಡಿ.

ಬೇಡದ ಪಟ್ಟಿ

ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಬೇವಿನ ಹಿಂಡಿ, ಬೂದಿ, ಮೊಟ್ಟೆ ಚಿಪ್ಪು, ಡಿಎಪಿ, ಯಾವುದೂ ಬೇಡ. ಜೀವಾಮೃತದ ಬಗ್ಗೆ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ತೋಟಕ್ಕೆ ನಾವೂ ಹಾಕುತ್ತೇವೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸಾವಯವ ಎಂದ ಮಾತ್ರಕ್ಕೆ ಎಲ್ಲ ಗಿಡಕ್ಕೂ ಹಿತವಲ್ಲ. ಸಗಣಿ, ಬೆಲ್ಲ, ಗೋಮೂತ್ರ ಸೇರಿದ ಆ ದ್ರವ ಎಳೆಬೇರಿಗೆ ಉಪ್ಪು, ಪಾಚಿಗೆ ಕೊಳೆ. ಮನುಷ್ಯರ ಊಟವೂ ಬೇಡ. ಒಂದು ದೀಪಾವಳಿಗೆ ಬಂದ ನಾದಿನಿಯ ಮಗ "ಅತ್ತೆ, ಇದಕ್ಕೂ ಹಬ್ಬ ಅಲ್ವಾ" ಎಂದು ಒಳ್ಳೆಯ ಹೂಜಿಯೊಂದಕ್ಕೆ ಕೋಳಿ ಸಾರಿನ ತುಂಡು ಹಾಕಿದ್ದ. ಎಣ್ಣೆ, ಉಪ್ಪು, ಖಾರ. ಮೂರನೇ ದಿನ ಹೂಜಿ ಹೋಯಿತು, ಪುಣ್ಯಕ್ಕೆ ಗಿಡ ಉಳಿಯಿತು.

ಹೆಚ್ಚು ಕೊಟ್ಟರೆ ಸುಡದೆಯೂ ಗಿಡ ಸಿಟ್ಟು ತೋರಿಸುತ್ತದೆ: ಎಲೆ ದೊಡ್ಡದಾಗುತ್ತದೆ, ಕಡು ಹಸಿರಾಗುತ್ತದೆ, ಹೂಜಿ ಮಾತ್ರ ಬರುವುದಿಲ್ಲ. ತಟ್ಟೆಯಲ್ಲೇ ಊಟ ಸಿಗುವಾಗ ಬೇಟೆಯ ಬಲೆ ಯಾಕೆ ಹೆಣೆಯಬೇಕು? ಹೂಜಿ ಚಿಕ್ಕದಾಗುತ್ತಾ ಬಂದರೆ ಬೆಳಕನ್ನೂ ನೋಡಿ, ಗೊಬ್ಬರವನ್ನೂ ಎರಡು ತಿಂಗಳು ಬಿಟ್ಟು ನೋಡಿ.

ಸುಟ್ಟರೆ

ತಿಂಗಳಿಗೊಮ್ಮೆ ತಟ್ಟೆಯ ಕೆಳಗೆ ಇಳಿದ ನೀರನ್ನು ಮೀಟರಿನಿಂದ ಅಳೆಯಿರಿ. ನನ್ನ ಲೆಕ್ಕ ಹೀಗೆ: 50ರ ಒಳಗೆ ನೆಮ್ಮದಿ, 100 ದಾಟಿದರೆ ಗೊಬ್ಬರ ನಿಲ್ಲಿಸುವುದು, 150 ದಾಟಿದರೆ ಅವತ್ತೇ ತೊಳೆಯುವುದು. ಪಾಚಿಯ ಮೇಲೆ ಬಿಳಿ ಹೊಟ್ಟಿನಂಥ ಪದರ, ಎಲೆಯ ತುದಿಯಿಂದ ಒಳಗೆ ಹೋಗುವ ಕಂದು, ತಿರುಚಿಕೊಂಡ ಹೊಸ ಎಲೆ, ಇವು ಕಂಡರೆ ಮೀಟರಿಗಾಗಿ ಕಾಯಬೇಡಿ. ತೀರಾ ಹಳೆಯ ಎಲೆ ಮಾತ್ರ ಒಣಗುತ್ತಿದ್ದರೆ ಗಾಬರಿ ಬೇಡ, ಅದಕ್ಕೆ ವಯಸ್ಸಾಗಿದೆ.

ತೊಳೆಯುವುದು ಎಂದರೆ ಕುಂಡದಷ್ಟು ಅಳತೆಯ ಮಳೆನೀರನ್ನು ಆರು ಸಲ, ನಿಧಾನಕ್ಕೆ, ಪ್ರತಿ ಸಲ ಪೂರ್ತಿ ಇಳಿಯಲು ಬಿಟ್ಟು ಹಾಕುವುದು. ಇಳಿದ ನೀರು ಹಾಕಿದ ನೀರಿನ ಅಂಕಿಗೆ ಹತ್ತಿರ ಬರಬೇಕು. ಗಟ್ಟಿ ಗೊಬ್ಬರ ಬಿದ್ದಿದ್ದರೆ ಮೊದಲು ಮೇಲಿನ ಒಂದು ಬೆರಳು ದಪ್ಪ ಪಾಚಿ ತೆಗೆದುಹಾಕಿ. ಸಸಿಯನ್ನು ಕಿತ್ತು ಹೊಸ ಪಾಚಿಗೆ ಹಾಕುವುದು ಕೊನೆಯ ಉಪಾಯ, ಬೇರು ಮುರಿಯುತ್ತದೆ. ಮಾಡಲೇಬೇಕೆಂದರೆ ಹಳೆ ಪಾಚಿಯ ಉಂಡೆ ಸಮೇತ ಎತ್ತಿ, ನೀರಿನ ಬೋಗುಣಿಯಲ್ಲಿ ಮುಳುಗಿಸಿ ಅಲ್ಲಾಡಿಸಿ, ಅದೇ ತಾನಾಗಿ ಬಿಡಿಸಿಕೊಳ್ಳಲಿ. ಆಮೇಲೆ ನೆರಳು, ತೇವದ ಗಾಳಿ, ಎರಡು ತಿಂಗಳು ಬರೀ ಮಳೆನೀರು.

ಸುಟ್ಟ ಎಲೆಯನ್ನು ಪೂರ್ತಿ ಕಪ್ಪಾಗುವವರೆಗೆ ಕತ್ತರಿಸಬೇಡಿ, ಉಳಿದ ಹಸಿರಿನ ತುಂಡೂ ಸಸಿಗೆ ಅನ್ನ ಮಾಡುತ್ತಿರುತ್ತದೆ. ನನ್ನ ಆ ಮೂರು ಸಸಿಗಳಲ್ಲಿ ಒಂದಕ್ಕೆ ಉಳಿದಿದ್ದದ್ದು ಒಂದೇ ಎಲೆಯ ಅರ್ಧ ಮತ್ತು ನಡುವಿನ ಸುಳಿ. ಏಳು ವಾರ ಅದು ಹಾಗೇ ಕೂತಿತ್ತು. ಎಂಟನೇ ವಾರ ಸುಳಿಯಿಂದ ಅಕ್ಕಿಕಾಳಿನ ಮೊನೆಯಷ್ಟು ಹಸಿರು ಹೊರಬಂತು, ತುದಿಯಲ್ಲಿ ಮುಚ್ಚಿದ ಮುಚ್ಚಳದ ಒಂದು ಹೂಜಿ ಇತ್ತು.